ವಿಕಿಯ ವಿಸ್ತರಣೆಗಳು: ಕೆಲವು ಸಾಲುಗಳ ಚರಿತ್ರೆ

ಪ್ರಬಂಧಕ್ಕೆ ಸಾಮಗ್ರಿ ಹುಡುಕಲೆಂದೋ ಪರೀಕ್ಷೆಗೆ ಟಿಪ್ಪಣಿ ಮಾಡಿಕೊಳ್ಳಲೆಂದೋ ನೀವು ವಿಕಿಪೀಡಿಯದ ಪುಟಗಳನ್ನು ತೆರೆದೇ ಇರುತ್ತೀರಿ. ಹಾಗೆ ತೆರೆದ ಪುಟವನ್ನು ಒಮ್ಮೆ ಸಾವಧಾನವಾಗಿ ನೋಡಿ. ವಾಕ್ಯದ ಕೊನೆಯಲ್ಲಿ ಚೌಕಾವರಣದೊಳಗೆ ಒಂದು ಪುಟ್ಟ ಅಂಕಿ ಇದೆ. ಅದನ್ನು ಒತ್ತಿದರೆ ಪುಟದ ತಳದಲ್ಲಿರುವ ಆಧಾರಗ್ರಂಥದ ಹೆಸರಿನ ಬಳಿಗೆ ಹೋಗುತ್ತೀರಿ. ಭೌತಶಾಸ್ತ್ರದ ಪುಟವಾದರೆ ವರ್ಗಮೂಲದ ಚಿಹ್ನೆ, ಭಿನ್ನರಾಶಿ, ಸಮಾಕಲನದ ಗುರುತು ಇವೆಲ್ಲ ಪಠ್ಯಪುಸ್ತಕದಲ್ಲಿ ಅಚ್ಚಾದಂತೆಯೇ ಕಾಣುತ್ತವೆ. ಬರೆಯುವ ಚೌಕದೊಳಗೆ ಹೋದರೆ ಪುಟ್ಟ ಕೀಲಿಮಣೆಯ ಚಿತ್ರವೊಂದು ಮೂಡಿ, ಯಾವ ವಿನ್ಯಾಸದಲ್ಲಿ ಕನ್ನಡ ಬೆರಳಚ್ಚಿಸುವಿರಿ ಎಂದು ಕೇಳುತ್ತದೆ. ಇವೆಲ್ಲವೂ ಒಂದೇ ತಂತ್ರಾಂಶದ ಕೆಲಸವೆಂದು ನಮಗೆ ತೋರುತ್ತದೆ. ವಾಸ್ತವದಲ್ಲಿ ಹಾಗಿಲ್ಲ. ಅಡಿಟಿಪ್ಪಣಿ ಒಬ್ಬರ ಕೊಡುಗೆ, ಗಣಿತದ ಅಚ್ಚು ಇನ್ನೊಬ್ಬರದು, ಕೀಲಿಮಣೆ ಮತ್ತೆ ಬೇರೆಯವರದು. ಇವುಗಳಿಗೆ ವಿಸ್ತರಣೆಗಳು ಎಂದು ಹೆಸರು.

ನಮ್ಮ ರೈತರ ಬಳಿ ನೊಗ ಒಂದೇ ಇರುತ್ತಿತ್ತು. ಹಂಗಾಮಿಗೆ ತಕ್ಕಂತೆ ಅದಕ್ಕೆ ನೇಗಿಲು ಕಟ್ಟುತ್ತಿದ್ದರು, ಕುಂಟೆ ಕಟ್ಟುತ್ತಿದ್ದರು, ಬಿತ್ತನೆಯ ಕಾಲಕ್ಕೆ ಕೂರಿಗೆ ಕಟ್ಟುತ್ತಿದ್ದರು. ಕೂರಿಗೆ ಮನೆಯಲ್ಲಿದ್ದರಷ್ಟೇ ಸಾಲದು. ತಾಳು ಎಷ್ಟು, ತಾಳಿನಿಂದ ತಾಳಿಗೆ ಅಂತರವೆಷ್ಟು, ಬೀಜ ಎಷ್ಟು ಆಳಕ್ಕೆ ಬೀಳಬೇಕು ಎಂಬುದನ್ನು ಹೊಂದಿಸಬೇಕು. ಬೆಳೆ ನಿಲ್ಲುವುದು ಆ ಹೊಂದಿಕೆಯ ಮೇಲೆ. ವಿಕಿಯ ವಿಸ್ತರಣೆಗಳ ವಿಷಯದಲ್ಲೂ ಅಷ್ಟೇ. ವಿಸ್ತರಣೆಯನ್ನು ಬರೆದವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದನ್ನು ಹೊಂದಿಸಿದ ಕಥೆಯನ್ನು ಹೇಳುವವರು ಕಡಿಮೆ. ಆದರೆ ಯಾರು ಬರೆಯಬಹುದು, ಯಾರು ಓದಬಹುದು, ಓದುವವರಿಗೆ ಯಾವುದು ಕಾಣುತ್ತದೆ ಎಂಬುದನ್ನು ತೀರ್ಮಾನಿಸಿದ್ದು ಬಹುಮಟ್ಟಿಗೆ ಆ ಹೊಂದಿಕೆಯ ಸಾಲುಗಳೇ. ಕಿರುತೆರೆಯ ಮಾತುಕತೆಯಲ್ಲಿ ಸಮಯದ ಅಭಾವದಿಂದ ಬಿಟ್ಟುಹೋಗುವ ಈ ಭಾಗವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಹಿನ್ನೆಲೆ. ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಕ್ರಮವಿಧಿಕಾರ 1995ರ ಮಾರ್ಚ್‌ನಲ್ಲಿ, ಓದುಗನೇ ತಿದ್ದಬಹುದಾದ ಅಂತರಜಾಲ ಪುಟಗಳ ವ್ಯವಸ್ಥೆಯೊಂದನ್ನು ಲೋಕಕ್ಕೆ ತೆರೆದಿಟ್ಟರು. ಹೊನೊಲುಲು ವಿಮಾನನಿಲ್ದಾಣದಲ್ಲಿ ಓಡಾಡುವ ಬಸ್ಸಿಗೆ ಹವಾಯಿ ಭಾಷೆಯಲ್ಲಿ ವಿಕಿ ವಿಕಿ ಎಂಬ ಹೆಸರು ಇತ್ತು. ಬೇಗ ಬೇಗ ಎಂದು ಅದರ ಅರ್ಥ. ಆ ಹೆಸರನ್ನೇ ಅವರು ತೆಗೆದುಕೊಂಡರು. 2001ರ ಜನವರಿ 15ರಂದು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ವಿಕಿಪೀಡಿಯವನ್ನು ಆರಂಭಿಸಿದಾಗ ಯೂಸ್‌ಮಾಡ್ ಎಂಬ ಸಣ್ಣ ವಿಕಿ ತಂತ್ರಾಂಶವನ್ನು ಬಳಸಿದರು. ಪುಟಗಳು ಹೆಚ್ಚಿದಂತೆ ಅದು ಭಾರ ತಡೆಯಲಿಲ್ಲ. ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಾಗ್ನುಸ್ ಮಾನ್ಸ್ಕೆ, ವಿಶ್ವಕೋಶಕ್ಕೆಂದೇ ಹೊಸ ತಂತ್ರಾಂಶ ಬರೆದುಕೊಟ್ಟರು. 2002ರ ಜನವರಿಯಲ್ಲಿ ಅದು ಜಾರಿಗೆ ಬಂತು. ಅದೇ ವರ್ಷದ ಜುಲೈನಲ್ಲಿ ಲೀ ಡೇನಿಯಲ್ ಕ್ರಾಕರ್ ಅದನ್ನು ಮತ್ತೆ ಬುಡದಿಂದ ಬರೆದರು. 2003ರಲ್ಲಿ ಇದಕ್ಕೆ ಮೀಡಿಯಾವಿಕಿ ಎಂಬ ಹೆಸರು ಬಿತ್ತು. ಮಾನ್ಸ್ಕೆ ಓದುತ್ತಿದ್ದುದು ಜೀವವಿಜ್ಞಾನ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕೆಂದು ನನ್ನ ಆಸೆ!

ಆರಂಭದ ವರ್ಷಗಳಲ್ಲಿ ಬೇಕಾದದ್ದನ್ನೆಲ್ಲ ಈ ತಂತ್ರಾಂಶದ ಗರ್ಭದಲ್ಲೇ ಸೇರಿಸುತ್ತ ಹೋದರು. ಗಣಿತದ ಸಮೀಕರಣ ಬರೆಯುವ ಸೌಲಭ್ಯವೂ 2003ರಲ್ಲಿ ಹಾಗೆಯೇ ಸೇರಿತು. ಆದರೆ ಹೀಗೆ ಎಷ್ಟು ದಿನ? ಈಜಿಪ್ಟಿನ ಪ್ರಾಚೀನ ಚಿತ್ರಲಿಪಿ ಬರೆಯಲು ಒಬ್ಬರಿಗೆ ಉಪಕರಣ ಬೇಕು. ರಾಜವಂಶಗಳ ಕಾಲರೇಖೆ ಎಳೆಯಲು ಮತ್ತೊಬ್ಬರಿಗೆ ಬೇಕು. ಇವೆರಡೂ 2004ರಲ್ಲಿ ನಿಜವಾಗಿಯೇ ಬಂದವು. ಚಿತ್ರಲಿಪಿಯದು ವಿಕಿಹಿಯರೋ, ಕಾಲರೇಖೆಯದು ಎರಿಕ್ ಜಾಕ್ಟೆ ಬರೆದ ಈಸಿಟೈಮ್‌ಲೈನ್. ಆದರೆ ಮೀಡಿಯಾವಿಕಿಯನ್ನು ವಿಕಿಪೀಡಿಯ ಮಾತ್ರ ಬಳಸುತ್ತಿರಲಿಲ್ಲ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ತಮ್ಮ ಸಂಸ್ಥೆಯ ಕೈಪಿಡಿಗೆ, ತಮ್ಮ ಊರಿನ ಇತಿಹಾಸಕ್ಕೆ ಬಳಸಬಹುದಿತ್ತು. ಅವರಿಗೆಲ್ಲ ಈಜಿಪ್ಟಿನ ಲಿಪಿ ಏಕೆ? ಹೀಗಾಗಿ ಮೂಲ ತಂತ್ರಾಂಶದಲ್ಲಿ ಅಲ್ಲಲ್ಲಿ ಕೊಕ್ಕೆಗಳನ್ನು ಬಿಟ್ಟು, ಬೇಕಾದವರು ಬೇಕಾದ ವಿಸ್ತರಣೆಯನ್ನು ಅದಕ್ಕೆ ತಗುಲಿಹಾಕಿಕೊಳ್ಳುವ ಪದ್ಧತಿ ಬೆಳೆಯಿತು. ಪುಟ ಉಳಿಸುವ ಮುನ್ನ ಒಂದು ಕೊಕ್ಕೆ, ಪುಟ ತೋರಿಸುವ ಮುನ್ನ ಒಂದು ಕೊಕ್ಕೆ. ಆ ಘಳಿಗೆ ಬಂದಾಗ ಮೂಲ ತಂತ್ರಾಂಶ ಒಂದು ಕ್ಷಣ ನಿಂತು, ಇಲ್ಲಿ ಯಾರಾದರೂ ಏನಾದರೂ ಮಾಡುವುದಿದೆಯೇ ಎಂದು ಕೇಳುತ್ತದೆ. ವಿಸ್ತರಣೆ ತನ್ನ ಕೆಲಸ ಮಾಡಿ ದಾರಿ ಬಿಡುತ್ತದೆ. ಮೊದಲು ಒಳಗೇ ಇದ್ದ ಗಣಿತವನ್ನೂ 2011ರ ಆವೃತ್ತಿಯಲ್ಲಿ ಹೊರತೆಗೆದು ವಿಸ್ತರಣೆಯಾಗಿ ಮಾಡಿದರು.

ಈ ವಿಸ್ತರಣೆಗಳ ಪೈಕಿ ಜ್ಞಾನದ ಚರಿತ್ರೆಯಲ್ಲಿ ನೆನೆಯತಕ್ಕದ್ದು 2005ರ ಕೊನೆಯಲ್ಲಿ ಬಂದ ಸೈಟ್. ಇದು ಮನೆ ಕಟ್ಟುವ ಸೈಟಲ್ಲ, ಆಧಾರವನ್ನು ಉಲ್ಲೇಖಿಸು ಎಂಬರ್ಥದ ಪದ. ಬರೆದವರು ಐಸ್‌ಲೆಂಡಿನ ಐವಾರ್ ಆರ್ನ್‌ಫ್ಯೋರ್ದ್ ಬ್ಯಾರ್ಮಾಸನ್. ಅದಕ್ಕೆ ಮುಂಚೆ ಅಡಿಟಿಪ್ಪಣಿ ಹಾಕಬೇಕೆಂದರೆ ಬರೆಯುವವರು ಮೇಲಿನ ಗುರುತನ್ನೂ ಕೆಳಗಿನ ಪಟ್ಟಿಯನ್ನೂ ಬೇರೆಬೇರೆಯಾಗಿ ಸರಿಹೊಂದಿಸಿಕೊಂಡು ಹೋಗಬೇಕಿತ್ತು. ಮಧ್ಯದಲ್ಲಿ ಇನ್ನೊಬ್ಬರು ಒಂದು ವಾಕ್ಯ ಸೇರಿಸಿದರೆ ಕ್ರಮ ಕೆಡುತ್ತಿತ್ತು. ನೂರಾರು ಜನ ಒಟ್ಟಾಗಿ ತಿದ್ದುವ ಪುಟದಲ್ಲಿ ಇದು ಎಂಥ ಫಜೀತಿ ಎಂಬುದನ್ನು ಊಹಿಸಿಕೊಳ್ಳಿ. ಸೈಟ್ ಬಂದ ಮೇಲೆ ಆಧಾರವನ್ನು ವಾಕ್ಯದ ಬೆನ್ನಿಗೇ ಬರೆದರಾಯಿತು, ಅಂಕಿ ಹಾಕುವುದು, ಕೆಳಗೆ ಪಟ್ಟಿ ಮಾಡುವುದು ಯಂತ್ರದ ಕೆಲಸ. ಇಂದು ವಿಕಿಪೀಡಿಯದ ಲೇಖನದಲ್ಲಿ ಆಧಾರವಿಲ್ಲದ ವಾಕ್ಯ ಕಂಡರೆ ಯಾರಾದರೂ ತಕರಾರು ಎತ್ತುತ್ತಾರಲ್ಲ, ಆ ಶಿಸ್ತಿಗೆ ಅನೇಕ ಕಾರಣಗಳಿವೆ. ಆದರೆ ಆಧಾರ ಕೊಡುವುದು ಸುಲಭವಾಗದೇ ಹೋಗಿದ್ದರೆ ಅಷ್ಟು ಗಟ್ಟಿಯಾಗಿ ಕೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಈಗ ಹೊಂದಿಕೆಯ ವಿಷಯಕ್ಕೆ ಬರೋಣ. ಮೀಡಿಯಾವಿಕಿಯನ್ನು ಸ್ಥಾಪಿಸಿದ ಪ್ರತಿಯೊಂದು ಗಣಕದಲ್ಲೂ ಲೋಕಲ್ ಸೆಟ್ಟಿಂಗ್ಸ್ ಎಂಬ ಒಂದು ಕಡತ ಇರುತ್ತದೆ. ಇದೊಂದು ಸಾದಾ ಪಠ್ಯದ ಕಡತ. ವಿಕಿಯ ಹೆಸರು, ಭಾಷೆ, ದತ್ತಸಂಚಯದ ವಿಳಾಸ ಎಲ್ಲವೂ ಇದರಲ್ಲೇ. ವಿಸ್ತರಣೆಯೊಂದನ್ನು ಹೊಂದಿಸುವುದೆಂದರೆ ಸಾಮಾನ್ಯವಾಗಿ ಮೂರು ಬಗೆಯ ಸಾಲುಗಳನ್ನು ಇಲ್ಲಿ ಬರೆಯುವುದು. ಇಂಥ ವಿಸ್ತರಣೆಯನ್ನು ತಾ ಎಂಬುದು ಒಂದು. ಅದು ಹೀಗೆ ಹೀಗೆ ವರ್ತಿಸಲಿ ಎಂಬುದು ಎರಡನೆಯದು. ಅದನ್ನು ಬಳಸುವ ಹಕ್ಕು ಇಂಥ ಗುಂಪಿನವರಿಗೆ ಇರಲಿ ಎಂಬುದು ಮೂರನೆಯದು. ಏನೂ ಬರೆಯದಿದ್ದರೆ ವಿಸ್ತರಣೆ ತಾನು ಹುಟ್ಟುವಾಗ ತಂದ ಬೆಲೆಯನ್ನೇ ಹಿಡಿಯುತ್ತದೆ. ಇದಕ್ಕೆ ಡೀಫಾಲ್ಟ್ ಎನ್ನುತ್ತಾರೆ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಸುತ್ತುತ್ತದೆ.

ಆ ಕಡತ ಪಿಎಚ್‌ಪಿ ಎಂಬ ಗಣಕಭಾಷೆಯಲ್ಲಿದೆಯಾದ್ದರಿಂದ ಒಂದು ಅರ್ಧವಿರಾಮ ಚಿಹ್ನೆ ತಪ್ಪಿದರೂ ಇಡೀ ವಿಕಿ ಬಿಳಿಯ ಹಾಳೆಯಾಗಿ ನಿಲ್ಲಬಹುದು. ಇನ್ನೊಂದು ಸೂಕ್ಷ್ಮವಿತ್ತು. ಗಣಕ ಈ ಕಡತವನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ವಿಸ್ತರಣೆಯನ್ನು ತಾ ಎಂಬ ಸಾಲು ಬಂದೊಡನೆ, ಹಳೆಯ ಪದ್ಧತಿಯಲ್ಲಿ, ಆ ವಿಸ್ತರಣೆ ತನ್ನ ಡೀಫಾಲ್ಟ್ ಬೆಲೆಗಳನ್ನೆಲ್ಲ ಅಲ್ಲೇ ಹರಡಿಬಿಡುತ್ತಿತ್ತು. ನಿಮ್ಮ ಸ್ವಂತ ಬೆಲೆಯನ್ನು ಅದಕ್ಕಿಂತ ಮೇಲೆ ಬರೆದಿದ್ದರೆ ಅದು ಅಳಿಸಿಹೋಗುತ್ತಿತ್ತು. ರಂಗೋಲಿ ಹಾಕಿದ ಮೇಲೆ ಅಂಗಳ ಗುಡಿಸಿದಂತೆ! ತಪ್ಪಿನ ಸೂಚನೆಯೂ ಬರುತ್ತಿರಲಿಲ್ಲ, ಏಕೆಂದರೆ ಗಣಕದ ದೃಷ್ಟಿಯಲ್ಲಿ ತಪ್ಪೇ ಆಗಿರಲಿಲ್ಲ. ಆದ್ದರಿಂದ ಮೊದಲು ತರುವ ಸಾಲು, ಅದರ ಕೆಳಗೇ ಹೊಂದಿಸುವ ಸಾಲು ಎಂಬುದು ವಿಕಿ ನಡೆಸುವವರ ಪಾಲಿಗೆ ಬಾಯಿಪಾಠದ ನಿಯಮವಾಯಿತು. 2015ರ ಮೇ ತಿಂಗಳಲ್ಲಿ ಬಿಡುಗಡೆಯಾದ 1.25ನೇ ಆವೃತ್ತಿಯಲ್ಲಿ ಕ್ರಮ ಬದಲಾಯಿತು. ಪ್ರತಿಯೊಂದು ವಿಸ್ತರಣೆಯೂ ತನ್ನ ಹೆಸರು, ಬರೆದವರು, ಡೀಫಾಲ್ಟ್ ಬೆಲೆಗಳು, ಯಾವ ಕೊಕ್ಕೆಗೆ ಸೇರುತ್ತದೆ ಎಂಬ ವಿವರ ಇವುಗಳನ್ನು ಒಂದು ಜಾತಕದಂತೆ ಪ್ರತ್ಯೇಕ ಕಡತದಲ್ಲಿ ಬರೆದಿಡುವ ಪದ್ಧತಿ ಬಂತು. ತಾ ಎಂಬ ಸಾಲನ್ನು ಕಂಡಾಗ ಗಣಕ ಅದನ್ನು ಸುಮ್ಮನೆ ಗುರುತು ಹಾಕಿಕೊಳ್ಳುತ್ತದೆ. ಲೋಕಲ್ ಸೆಟ್ಟಿಂಗ್ಸ್ ಪೂರ್ತಿ ಓದಿ ಮುಗಿದ ಮೇಲೆ ಜಾತಕಗಳನ್ನು ತೆರೆದು, ಈಗಾಗಲೇ ರಂಗೋಲಿ ಇರುವ ಜಾಗವನ್ನು ಬಿಟ್ಟು ಉಳಿದದ್ದನ್ನು ತುಂಬುತ್ತದೆ. ಸಣ್ಣ ಸುಧಾರಣೆಯಂತೆ ಕಾಣುತ್ತದೆ. ಆದರೆ ನಿರ್ವಾಹಕನ ಮಾತು ಯಾವ ಸಾಲಿನಲ್ಲಿದ್ದರೂ ನಡೆಯಬೇಕು ಎಂಬ ತತ್ವವನ್ನು ಅದು ಒಪ್ಪಿಕೊಂಡಿತು.

ಹಕ್ಕಿನ ಸಾಲುಗಳಲ್ಲಿ ಒಂದು ಸ್ವಾರಸ್ಯವಿದೆ. ಈ ಕಡತದಲ್ಲಿ ಗುಂಪುಗಳಿಗೆ ಹೆಸರುಗಳಿವೆ. ಲಾಗಿನ್ ಆದ ಬಳಕೆದಾರರು ಒಂದು ಗುಂಪು, ನಿರ್ವಾಹಕರು ಇನ್ನೊಂದು. ಎಲ್ಲರೂ, ಅಂದರೆ ಹೆಸರು ಹೇಳದ ದಾರಿಹೋಕರೂ ಸೇರಿ, ಎಂಬುದಕ್ಕೆ ಹೆಸರಿಲ್ಲ. ಬರೀ ಒಂದು ನಕ್ಷತ್ರ ಚಿಹ್ನೆ. ನಕ್ಷತ್ರಕ್ಕೆ ಪುಟ ತಿದ್ದುವ ಹಕ್ಕು ಉಂಟು ಎಂಬುದು ಮೀಡಿಯಾವಿಕಿಯ ಡೀಫಾಲ್ಟ್. ವಿಕಿಪೀಡಿಯದ ಅಷ್ಟೂ ಆದರ್ಶ ಆ ಒಂದು ಸಾಲಿನಲ್ಲಿ ಅಡಗಿತ್ತು ಎನ್ನಬಹುದು. ಅದಕ್ಕೆ ಪೆಟ್ಟು ಬಿದ್ದದ್ದು 2005ರಲ್ಲಿ. ಜಾನ್ ಸೀಗೆಂಥಾಲರ್ ಎಂಬ ಅಮೆರಿಕದ ಹಿರಿಯ ಪತ್ರಕರ್ತರ ಬಗ್ಗೆ ಅನಾಮಿಕನೊಬ್ಬ ಹಸಿ ಸುಳ್ಳುಗಳನ್ನು ಬರೆದ. ಅದು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಉಳಿಯಿತು. ನವೆಂಬರ್‌ನಲ್ಲಿ ಸೀಗೆಂಥಾಲರ್ ಪತ್ರಿಕೆಯಲ್ಲಿ ಇದನ್ನು ಬಯಲಿಗೆಳೆದರು. ಡಿಸೆಂಬರ್‌ನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ನಕ್ಷತ್ರದಿಂದ ಹೊಸ ಪುಟ ಸೃಷ್ಟಿಸುವ ಹಕ್ಕನ್ನು ತೆಗೆದರು. ಇರುವ ಪುಟ ತಿದ್ದುವ ಹಕ್ಕು ಮಾತ್ರ ಉಳಿಯಿತು.

ಸುಳ್ಳನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆಗೆ ಜರ್ಮನ್ನರೂ ಇಂಗ್ಲಿಷ್ ವಿಕಿಪೀಡಿಯದವರೂ ಹಿಡಿದ ಎರಡು ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ವಿಸ್ತರಣೆ ಒಂದೇ, ಫ್ಲ್ಯಾಗ್ಡ್ ರಿವಿಷನ್ಸ್ ಎಂದು ಅದರ ಹೆಸರು. ಪುಟದ ಯಾವ ರೂಪವನ್ನು ಅನುಭವಸ್ಥರೊಬ್ಬರು ನೋಡಿ ಸರಿ ಎಂದಿದ್ದಾರೆ ಎಂಬುದನ್ನು ಅದು ಗುರುತಿಡುತ್ತದೆ. ಪ್ರಶ್ನೆ ಇರುವುದು ಹೊಂದಿಕೆಯಲ್ಲಿ. ಸಾಮಾನ್ಯ ಓದುಗನಿಗೆ ಡೀಫಾಲ್ಟ್ ಆಗಿ ಯಾವುದು ಕಾಣಬೇಕು? ಈಗಷ್ಟೇ ಬರೆದ ಹೊಸ ರೂಪವೋ, ಪರಿಶೀಲನೆಯಾದ ಹಳೆಯ ರೂಪವೋ? 2008ರ ಮೇ ತಿಂಗಳಲ್ಲಿ ಜರ್ಮನ್ ವಿಕಿಪೀಡಿಯ ಇದನ್ನು ಎಲ್ಲ ಲೇಖನಗಳಿಗೂ ಅಳವಡಿಸಿ, ಪರಿಶೀಲನೆಯಾದ ರೂಪವೇ ಕಾಣಲಿ ಎಂದು ಹೊಂದಿಸಿತು. ಹೊಸಬರು ಮಾಡಿದ ತಿದ್ದುಪಡಿ ಹಿರಿಯರ ಕಣ್ಣು ಬೀಳುವವರೆಗೆ ಸರದಿಯಲ್ಲಿ ಕಾಯಬೇಕು. ಇಂಗ್ಲಿಷಿನವರು ವರ್ಷಗಟ್ಟಲೆ ಜಗಳವಾಡಿದರು. 2010ರ ಜೂನ್‌ನಲ್ಲಿ ಎರಡು ತಿಂಗಳ ಪ್ರಯೋಗವೆಂದು ಆರಂಭಿಸಿ, 2011ರಲ್ಲಿ ನಿಲ್ಲಿಸಿ, 2012ರ ಡಿಸೆಂಬರ್‌ನಲ್ಲಿ ಮತ್ತೆ ತಂದರು. ಅದೂ ನಿರ್ವಾಹಕರು ಆರಿಸಿದ ಪುಟಗಳಿಗೆ ಮಾತ್ರ. ಉಳಿದ ಲಕ್ಷಾಂತರ ಪುಟಗಳಲ್ಲಿ ಬರೆದದ್ದು ಆ ಕ್ಷಣವೇ ಲೋಕಕ್ಕೆ ಕಾಣುತ್ತದೆ. ಒಂದು ಕಡೆ ಓದುಗನ ಹಿತ ಮುಂದು, ಇನ್ನೊಂದು ಕಡೆ ಹೊಸ ಬರಹಗಾರನ ಉತ್ಸಾಹ ಮುಂದು. ನೀವು ಹದಿನಾರರ ವಯಸ್ಸಿನಲ್ಲಿ ನಿಮ್ಮ ಊರಿನ ಕೆರೆಯ ಬಗ್ಗೆ ಎರಡು ವಾಕ್ಯ ಸೇರಿಸಿದಿರಿ ಎನ್ನಿ. ಅದು ತಕ್ಷಣ ಕಂಡರೆ ಆಗುವ ಖುಷಿಯೇ ಬೇರೆ. ಆದರೆ ಅದೇ ಬಾಗಿಲಿನಿಂದಲೇ ಸೀಗೆಂಥಾಲರ್ ಬಗ್ಗೆ ಸುಳ್ಳು ಬರೆದವನೂ ಒಳಗೆ ಬಂದಿದ್ದ. ಎರಡು ಸಮಾಜಗಳ ಈ ಭಿನ್ನ ತೀರ್ಮಾನ ಕೊನೆಗೆ ಹೊಂದಿಕೆಯ ಕಡತದ ಕೆಲವೇ ಸಾಲುಗಳಲ್ಲಿ ಕುಳಿತಿದೆ.

ಎಲ್ಲ ಸಂದರ್ಭದಲ್ಲೂ ಮೇಲಿನವರೇ ವಿಸ್ತರಣೆ ತಂದರೆಂದೇನಿಲ್ಲ. ವಿಕಿಯಲ್ಲಿ ಮಾದರಿ ಪಟ್ಟಿಗಳನ್ನು ತಯಾರಿಸುವ ಸ್ವಯಂಸೇವಕರು, ಹೀಗಿದ್ದರೆ ಇದನ್ನು ತೋರಿಸು, ಇಲ್ಲದಿದ್ದರೆ ಅದನ್ನು ತೋರಿಸು ಎಂಬ ಷರತ್ತನ್ನು ಹೇಗಾದರೂ ಬರೆಯಲೇಬೇಕೆಂದು ವಿಚಿತ್ರ ಉಪಾಯಗಳನ್ನು ಕಂಡುಹಿಡಿದಿದ್ದರು. ಅವುಗಳಿಂದ ಯಂತ್ರಗಳಿಗೆ ಹೊರೆ ಹೆಚ್ಚಿತು. ತಡೆದು ಪ್ರಯೋಜನವಿಲ್ಲವೆಂದು 2006ರಲ್ಲಿ ಟಿಮ್ ಸ್ಟಾರ್ಲಿಂಗ್ ಪಾರ್ಸರ್ ಫಂಕ್ಷನ್ಸ್ ಎಂಬ ವಿಸ್ತರಣೆಯನ್ನು ಬರೆದುಕೊಟ್ಟರು. ಅದೂ ಸಾಲದಾಗಿ 2013ರಲ್ಲಿ ಬ್ರೆಜಿಲ್ ದೇಶದ ಲುವಾ ಎಂಬ ಗಣಕಭಾಷೆಯನ್ನೇ ವಿಕಿಯೊಳಗೆ ತಂದರು. ಅದು ಬೇರೆಯೇ ಕಥೆ. ಇರಲಿ.

ಇಲ್ಲಿಯವರೆಗೆ ಒಂದು ವಿಕಿಗೆ ಒಂದು ಕಡತ ಎಂದು ಹೇಳಿದೆ. ಆದರೆ ವಿಕಿಪೀಡಿಯ ಇರುವುದು ಮುನ್ನೂರಕ್ಕೂ ಹೆಚ್ಚು ಭಾಷೆಗಳಲ್ಲಿ. ಅವುಗಳ ಸೋದರ ಯೋಜನೆಗಳು ಬೇರೆ. ಪ್ರತಿಯೊಂದಕ್ಕೂ ಬೇರೆ ಕಡತ ಇಟ್ಟರೆ ನಿಭಾಯಿಸುವುದು ಅಸಾಧ್ಯ. ಆದ್ದರಿಂದ 2003ರಲ್ಲಿ ಸ್ಥಾಪನೆಯಾದ ವಿಕಿಮೀಡಿಯ ಪ್ರತಿಷ್ಠಾನ ಎಲ್ಲಕ್ಕೂ ಸೇರಿ ಒಂದೇ ದೊಡ್ಡ ಹೊಂದಿಕೆ ಪಟ್ಟಿಯನ್ನು ಇಟ್ಟುಕೊಂಡಿದೆ. ಪ್ರತಿಯೊಂದು ವಿಷಯಕ್ಕೂ ಮೊದಲು ಡೀಫಾಲ್ಟ್ ಎಂಬ ಸಾಲು, ಅದರ ಕೆಳಗೆ ಬೇರೆ ರೀತಿ ಬಯಸಿದ ವಿಕಿಗಳ ಸಾಲುಗಳು. ಕನ್ನಡ ವಿಕಿಪೀಡಿಯದ ಗುರುತು ಕೆಎನ್‌ವಿಕಿ. ಆ ಹೆಸರಿನ ಸಾಲು ಒಂದು ವಿಷಯದ ಕೆಳಗೆ ಇಲ್ಲದಿದ್ದರೆ ಕನ್ನಡಕ್ಕೂ ಡೀಫಾಲ್ಟೇ ಅನ್ವಯ. ಈ ಪಟ್ಟಿ ಗುಟ್ಟಿನದಲ್ಲ, ಯಾರು ಬೇಕಾದರೂ ಓದಬಹುದು. ಇದು ಸಣ್ಣ ಮಾತಲ್ಲವೆಂದು ನನಗೆ ಅನಿಸುತ್ತದೆ. ಕಾರ್ಯಕ್ರಮ ಎಷ್ಟು ಗಂಟೆಗೆ ಪ್ರಸಾರವಾಗಬೇಕೆಂಬ ತೀರ್ಮಾನ ಕಾರ್ಯಕ್ರಮದ ಹೊರಗಿನದು, ಆದರೆ ಅದನ್ನು ಯಾರು ನೋಡುತ್ತಾರೆಂಬುದನ್ನು ಅದೇ ನಿರ್ಧರಿಸುತ್ತದೆ. ನಿರ್ಮಾಪಕರಾದ ನಮಗೆ ಈ ಸತ್ಯ ಚೆನ್ನಾಗಿ ಗೊತ್ತು.

ಕನ್ನಡಕ್ಕೆ ಇದರಿಂದ ಏನಾಯಿತು? ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಆರಂಭವಾಯಿತು. ಆ ದಿನಗಳ ಸಂಕಷ್ಟ ಇಂದಿನ ಮೊಬೈಲ್ ಪೀಳಿಗೆಗೆ ಕಲ್ಪನೆಗೂ ನಿಲುಕಲಾರದು. ವಿಂಡೋಸ್ ಎಕ್ಸ್‌ಪಿ ಗಣಕಗಳಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿ ಇತ್ತು ನಿಜ. ಆದರೆ ಭಾರತೀಯ ಲಿಪಿಗಳನ್ನು ಕೂಡಿಸಿ ತೋರಿಸುವ ಸೌಲಭ್ಯವನ್ನು ಪ್ರತ್ಯೇಕವಾಗಿ ಅಳವಡಿಸಬೇಕಿತ್ತು, ಅದಕ್ಕೆ ಸಾಮಾನ್ಯವಾಗಿ ಮೂಲ ಸಿ.ಡಿ. ಬೇಕಾಗುತ್ತಿತ್ತು. ಅದಿಲ್ಲದ ಕಡೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು, ಅಕ್ಷರಶೈಲಿಯೇ ಇಲ್ಲದ ಗಣಕಗಳಲ್ಲಿ ಬರೀ ಚೌಕಗಳು. ಕನ್ನಡದಲ್ಲಿ ವಿಶ್ವಕೋಶವಿದೆ, ಆದರೆ ಓದಲು ಹೋದವನಿಗೆ ಚೌಕಗಳ ಸಾಲು! ಬರೆಯಲು ಹೋದವನಿಗೆ ಇನ್ನೂ ಕಷ್ಟ. ಮನೆಯಲ್ಲಿ ಹೇಗೋ ತಂತ್ರಾಂಶ ಹಾಕಿಕೊಂಡವರು ಕಾಲೇಜಿನ ಗ್ರಂಥಾಲಯದ ಗಣಕದಲ್ಲಿ, ಸೈಬರ್ ಅಂಗಡಿಯಲ್ಲಿ ಏನು ಮಾಡಬೇಕು? ಅಲ್ಲಿ ಯಾವುದನ್ನೂ ಸ್ಥಾಪಿಸುವ ಅನುಮತಿ ಇರುತ್ತಿರಲಿಲ್ಲ.

ಪರಿಹಾರ ಬಂದದ್ದು ವಿಸ್ತರಣೆಗಳ ರೂಪದಲ್ಲಿ. ನಾರಾಯಮ್ ಎಂಬುದು ಮಲಯಾಳಂ ವಿಕಿಪೀಡಿಯದ ವಲಯದಲ್ಲಿ ಹುಟ್ಟಿದ ಬೆರಳಚ್ಚಿನ ವಿಸ್ತರಣೆ. ಹೆಸರೂ ಆ ಭಾಷೆಯದೇ, ಬರೆಯುವ ಕಂಟಕ್ಕೆ ಅಲ್ಲಿನವರು ನಾರಾಯಮ್ ಎನ್ನುತ್ತಾರೆ. 2011ರಲ್ಲಿ ಅದು ಭಾರತೀಯ ಭಾಷೆಗಳ ವಿಕಿಗಳಿಗೆ ಬಂತು. ಗಣಕದಲ್ಲಿ ಏನೂ ಇರಬೇಕಾಗಿಲ್ಲ, ಪುಟವೇ ಕೀಲಿಗಳನ್ನು ಕನ್ನಡವಾಗಿ ಪರಿವರ್ತಿಸುತ್ತದೆ. ಅದೇ ವರ್ಷ ಬಂದ ವೆಬ್‌ಫಾಂಟ್ಸ್ ಎಂಬ ವಿಸ್ತರಣೆ ಅಕ್ಷರಶೈಲಿಯನ್ನು ಪುಟದ ಜೊತೆಗೇ ಓದುಗನ ಗಣಕಕ್ಕೆ ಕಳುಹಿಸುತ್ತಿತ್ತು. ಕನ್ನಡಕ್ಕೆ ಲೋಹಿತ್ ಅಕ್ಷರಶೈಲಿ ಹೀಗೆ ಒದಗಿತು. 2013ರ ಮಧ್ಯಭಾಗದಲ್ಲಿ ಇವೆರಡರ ಕೆಲಸವನ್ನೂ ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್ ಎಂಬ ಒಂದೇ ವಿಸ್ತರಣೆ ವಹಿಸಿಕೊಂಡಿತು. ಕನ್ನಡಕ್ಕೆ ಅದರಲ್ಲಿರುವ ವಿನ್ಯಾಸಗಳಲ್ಲಿ ಒಂದಕ್ಕೆ ಕನ್ನಡ ಗಣಕ ಪರಿಷತ್ತು, ನುಡಿ, ಕೆ.ಪಿ.ರಾವ್ ಎಂಬ ಮೂರು ಹೆಸರುಗಳೂ ಒಟ್ಟಿಗೇ ಅಂಟಿಕೊಂಡಿವೆ. ಕನ್ನಡ ಗಣಕೀಕರಣದ ಅರ್ಧ ಚರಿತ್ರೆ ಆ ಒಂದು ಶೀರ್ಷಿಕೆಯಲ್ಲಿದೆ!

ಇಲ್ಲೂ ಹೊಂದಿಕೆಯ ಪ್ರಶ್ನೆ ಎದ್ದಿತು. ಬೆರಳಚ್ಚಿನ ವಿಸ್ತರಣೆ ಪುಟ ತೆರೆದಾಗಲೇ ಚಾಲೂ ಇರಬೇಕೆ, ಕೇಳಿದಾಗ ಮಾತ್ರ ಚಾಲೂ ಆಗಬೇಕೆ? ನಾರಾಯಮ್‌ನಲ್ಲಿ ಇದಕ್ಕೆಂದೇ ಒಂದು ಸಾಲಿತ್ತು. ಚಾಲೂ ಇದ್ದರೆ ಏನೂ ತಿಳಿಯದ ಹೊಸಬನಿಗೆ ಕನ್ನಡ ತಾನಾಗಿ ಮೂಡುತ್ತದೆ. ಆದರೆ ಈಗಾಗಲೇ ಸ್ವಂತ ತಂತ್ರಾಂಶ ಹಾಕಿಕೊಂಡವನಿಗೆ ಎರಡು ಕೀಲಿಮಣೆಗಳ ಗುದ್ದಾಟ. ಅಕ್ಷರಶೈಲಿಯ ವಿಷಯವಂತೂ ಇನ್ನೂ ತೊಡಕಿನದು. ಅಕ್ಷರಶೈಲಿಯನ್ನು ಎಲ್ಲರಿಗೂ ಕಳುಹಿಸಿದರೆ ಪುಟ ನಿಧಾನವಾಗುತ್ತದೆ, ಮೊದಲು ಒಂದು ರೂಪದಲ್ಲಿ ಮೂಡಿದ ಅಕ್ಷರಗಳು ಶೈಲಿ ಬಂದಿಳಿದ ಮೇಲೆ ಮಿಟುಕಿ ಇನ್ನೊಂದು ರೂಪ ತಾಳುತ್ತವೆ. ಇದನ್ನು ಗಮನಿಸಿದ ತಾಂತ್ರಿಕ ತಂಡ 2014ರ ಜನವರಿ 21ರಂದು ಆ ಇಡೀ ವಿಸ್ತರಣೆಯನ್ನೇ ಅನೇಕ ವಿಕಿಗಳಲ್ಲಿ ಡೀಫಾಲ್ಟ್ ಆಗಿ ನಿಲ್ಲಿಸಿತು, ಲಾಗಿನ್ ಆದವರು ಬೇಕೆಂದರೆ ತಮ್ಮ ಆಯ್ಕೆಗಳಿಗೆ ಹೋಗಿ ಹಾಕಿಕೊಳ್ಳಬೇಕಾಯಿತು. ಆಮೇಲೆ ಮತ್ತೆ ಚಾಲನೆ ಕೊಟ್ಟಾಗ ಅಕ್ಷರಶೈಲಿ ಕಳುಹಿಸುವ ಭಾಗವನ್ನು ಸಾಮಾನ್ಯವಾಗಿ ಆರಿಸಿಯೇ ಇಟ್ಟರು. ಯೋಚಿಸಿ ನೋಡಿ. ಅಕ್ಷರಶೈಲಿ ಇರುವವನಿಗೆ ಇದರಿಂದ ಲಾಭವೇ. ಇಲ್ಲದವನಿಗೆ ಆಯ್ಕೆಯ ಗುಂಡಿ ಎಲ್ಲಿದೆ ಎಂದು ತೋರಿಸುವ ಅಕ್ಷರಗಳೂ ಚೌಕಗಳೇ! ಕಾಲ ಕ್ರಮೇಣ ಮೊಬೈಲುಗಳಲ್ಲೂ ಹೊಸ ಗಣಕಗಳಲ್ಲೂ ಕನ್ನಡ ಅಕ್ಷರಶೈಲಿ ಜೊತೆಗೇ ಬರತೊಡಗಿದ್ದರಿಂದ ನೋವು ಕಡಿಮೆಯಾಯಿತು. ಆದರೆ ಯಾರ ಅನುಕೂಲವನ್ನು ಡೀಫಾಲ್ಟ್ ಎಂದು ಹಿಡಿಯಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಾನು ಹೇಳಲಾರೆ.

ಈ ಪ್ರಶ್ನೆ ದೊಡ್ಡ ಜಗಳವಾಗಿ ಸಿಡಿದದ್ದು ಅದೇ ವರ್ಷಗಳಲ್ಲಿ, ಬೇರೆ ಭಾಷೆಗಳಲ್ಲಿ. ಗುರುತುಚಿಹ್ನೆಗಳ ಭಾಷೆ ಕಲಿಯದೆಯೂ ನೇರವಾಗಿ ಪುಟ ತಿದ್ದಲು ಅನುವಾಗುವ ವಿಶುವಲ್ ಎಡಿಟರ್ ಎಂಬ ವಿಸ್ತರಣೆಯನ್ನು ಪ್ರತಿಷ್ಠಾನ 2013ರ ಜುಲೈನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಡೀಫಾಲ್ಟ್ ಆಗಿ ತೆರೆಯಿತು. ಉದ್ದೇಶ ಒಳ್ಳೆಯದೇ. ಆದರೆ ಅದಿನ್ನೂ ಹಣ್ಣಾಗಿರಲಿಲ್ಲ, ಪುಟಗಳಲ್ಲಿ ದೋಷಗಳು ನುಸುಳಿದವು. ಸೆಪ್ಟೆಂಬರ್‌ನಲ್ಲಿ ಸ್ವಯಂಸೇವಕ ನಿರ್ವಾಹಕರೊಬ್ಬರು ಇಡೀ ತಾಣಕ್ಕೆ ಅನ್ವಯಿಸುವ ಕಡತವನ್ನು ತಿದ್ದಿ, ಬೇಕಾದವರಿಗೆ ಮಾತ್ರ ಎಂದು ಮಾಡಿದರು. ಪ್ರತಿಷ್ಠಾನ ಮಣಿದು ಹೊಂದಿಕೆಯನ್ನು ಬದಲಿಸಿತು. ಮರುವರ್ಷ ಚಿತ್ರಗಳನ್ನು ದೊಡ್ಡದಾಗಿ ತೋರಿಸುವ ಮೀಡಿಯಾ ವ್ಯೂವರ್ ಎಂಬ ವಿಸ್ತರಣೆ ಬಂತು. ಜರ್ಮನ್ ಸಮುದಾಯ ಮತ ಹಾಕಿ, ನಮಗೆ ಡೀಫಾಲ್ಟ್ ಆಗಿ ಬೇಡ ಎಂದಿತು. ಅಲ್ಲಿನ ನಿರ್ವಾಹಕರೊಬ್ಬರು ಇಂಗ್ಲಿಷಿನವರ ಮಾದರಿಯಲ್ಲೇ ಕಡತ ತಿದ್ದಿದರು. ಈ ಬಾರಿ ಪ್ರತಿಷ್ಠಾನ ಮಣಿಯಲಿಲ್ಲ. 2014ರ ಆಗಸ್ಟ್ 10ರಂದು ತನ್ನ ಹೊಂದಿಕೆ ಪಟ್ಟಿಯಲ್ಲಿ ಸೂಪರ್‌ಪ್ರೊಟೆಕ್ಟ್ ಎಂಬ ಹೊಸದೊಂದು ರಕ್ಷಣೆಯ ಮಟ್ಟವನ್ನು ಸೃಷ್ಟಿಸಿ, ಚುನಾಯಿತ ನಿರ್ವಾಹಕರೂ ಆ ಕಡತವನ್ನು ಮುಟ್ಟದಂತೆ ಬೀಗ ಹಾಕಿತು. ತಾಂತ್ರಿಕವಾ­ಗಿ ನೋಡಿದರೆ ಕೆಲವೇ ಸಾಲುಗಳ ಕೆಲಸ. ಆದರೆ ಹತ್ತು ವರ್ಷಗಳಿಂದ ಸಂಬಳವಿಲ್ಲದೆ ದುಡಿದ ಜನಕ್ಕೆ, ಮನೆ ನಿಮ್ಮದಲ್ಲ ಎಂದು ಹೇಳಿದಂತಾಯಿತು. ಪ್ರತಿಭಟನೆಯ ಪತ್ರಗಳಿಗೆ ನೂರಾರು ಸಹಿಗಳು ಬಿದ್ದವು. 2015ರ ನವೆಂಬರ್ 5ರಂದು ಆ ಬೀಗವನ್ನು ಪಟ್ಟಿಯಿಂದಲೇ ತೆಗೆದುಹಾಕಿದರು. ವಿಶುವಲ್ ಎಡಿಟರ್ ಮುಂದೆ ಸುಧಾರಿಸಿತು, ಇಂದು ಬಹಳಷ್ಟು ಹೊಸಬರು ಬರೆಯುವುದು ಅದರಲ್ಲೇ ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು.

ನೀವೇ ಇದನ್ನು ಮಾಡಿ ನೋಡಬೇಕೆಂದರೆ ಕಷ್ಟವಿಲ್ಲ. ಮೀಡಿಯಾವಿಕಿ ಉಚಿತ, ಶಾಲೆಯ ಒಂದು ಹಳೆಯ ಗಣಕ ಸಾಕು. ಸೈಟ್, ಪಾರ್ಸರ್ ಫಂಕ್ಷನ್ಸ್, ವಿಶುವಲ್ ಎಡಿಟರ್ ಇವೆಲ್ಲ ಈಗ ಅದರ ಕಟ್ಟಿನೊಳಗೇ ಬರುತ್ತವೆ. ಬಂದಿವೆ ಎಂದ ಮಾತ್ರಕ್ಕೆ ಚಾಲೂ ಆಗಿವೆ ಎಂದಲ್ಲ, ಸ್ಥಾಪಿಸುವಾಗ ಆರಿಸಬೇಕು ಅಥವಾ ಸಾಲು ಬರೆಯಬೇಕು. ಲೋಕಲ್ ಸೆಟ್ಟಿಂಗ್ಸ್ ಮುಟ್ಟುವ ಮುನ್ನ ಅದರ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳಿ. ಒಂದು ಬಾರಿಗೆ ಒಂದೇ ವಿಸ್ತರಣೆ ಸೇರಿಸಿ, ಪುಟ ತೆರೆದು ನೋಡಿ, ಆಮೇಲೆ ಮುಂದಿನದು. ಪ್ರಯೋಗಶಾಲೆಯಲ್ಲಿ ಒಂದು ಬಾರಿಗೆ ಒಂದೇ ಚರವನ್ನು ಬದಲಿಸು ಎಂದು ಹೇಳಿಕೊಡುತ್ತಾರಲ್ಲ, ಇಲ್ಲೂ ಅದೇ. ವಿಕಿಯನ್ನು ಅಂತರಜಾಲಕ್ಕೆ ತೆರೆದರೆ ಜಾಹೀರಾತು ತುಂಬುವ ಯಂತ್ರಗಳು ಬಹುಬೇಗ ಹುಡುಕಿಕೊಂಡು ಬರುತ್ತವೆ. ಅವನ್ನು ತಡೆಯುವ ಕನ್ಫರ್ಮ್ ಎಡಿಟ್ ಎಂಬ ವಿಸ್ತರಣೆಯೂ ಕಟ್ಟಿನಲ್ಲಿದೆ. ಆದರೆ ಅದರ ಸರಳ ರೂಪ ಕೇಳುವುದು ಕೂಡುವ ಕಳೆಯುವ ಲೆಕ್ಕ, ಯಂತ್ರಕ್ಕೆ ಲೆಕ್ಕ ಕಷ್ಟವೇ? ನಿಮ್ಮದೇ ಪ್ರಶ್ನೆ ಕೇಳುವಂತೆ ಅದನ್ನು ಹೊಂದಿಸಬಹುದು. ಕೃಷ್ಣರಾಜಸಾಗರ ಯಾವ ನದಿಗೆ ಅಡ್ಡಲಾಗಿದೆ ಎಂದು ಕನ್ನಡದಲ್ಲೇ ಕೇಳಿ. ಉತ್ತರವನ್ನು ಕಾವೇರಿ ಎಂದು ಕನ್ನಡದಲ್ಲೂ, ಇಂಗ್ಲಿಷ್ ಅಕ್ಷರಗಳಲ್ಲೂ ಒಪ್ಪುವಂತೆ ಎರಡು ರೂಪ ಬರೆದಿಡಿ, ಇಲ್ಲದಿದ್ದರೆ ಕೀಲಿಮಣೆ ಇಲ್ಲದ ನಿಮ್ಮ ಸಹಪಾಠಿಯೇ ಹೊರಗುಳಿಯುತ್ತಾನೆ.

ಇನ್ನು ಕನ್ನಡ ವಿಕಿಪೀಡಿಯದಲ್ಲೇ ಯಾವ ಯಾವ ವಿಸ್ತರಣೆಗಳು ಇವೆ ಎಂದು ನೋಡಬೇಕೆಂದರೆ, ಅಲ್ಲಿನ ವಿಶೇಷ ಪುಟಗಳಲ್ಲಿ ಆವೃತ್ತಿ ಎಂಬುದನ್ನು ತೆರೆಯಿರಿ. ಉದ್ದನೆಯ ಪಟ್ಟಿ, ಪ್ರತಿಯೊಂದರ ಪಕ್ಕದಲ್ಲೂ ಬರೆದವರ ಹೆಸರು. ಹೊಂದಿಕೆ ಬದಲಾಗಬೇಕೆಂದು ಅನಿಸಿದರೆ ಅದಕ್ಕೂ ದಾರಿಯುಂಟು. ಕನ್ನಡ ವಿಕಿಪೀಡಿಯದಲ್ಲಿ ಬರಹಗಾರರು ಸೇರಿ ಚರ್ಚಿಸುವ ಪುಟಕ್ಕೆ ಅರಳಿಕಟ್ಟೆ ಎಂದು ಹೆಸರು. ಅಲ್ಲಿ ಪ್ರಸ್ತಾಪ ಮಾಡಿ, ಪರ ವಿರೋಧ ಕೇಳಿ, ಒಮ್ಮತಕ್ಕೆ ಬಂದ ಮೇಲೆ ಆ ಚರ್ಚೆಯ ಕೊಂಡಿಯೊಂದಿಗೆ ತಾಂತ್ರಿಕ ತಂಡಕ್ಕೆ ಮನವಿ ಸಲ್ಲಿಸಬೇಕು. 2014ರ ನವೆಂಬರ್‌ನಿಂದ ಈ ಮನವಿಗಳನ್ನು ಫ್ಯಾಬ್ರಿಕೇಟರ್ ಎಂಬ ವ್ಯವಸ್ಥೆಯಲ್ಲಿ ದಾಖಲಿಸುತ್ತಾರೆ. ಅವರು ಮೊದಲು ಕೇಳುವುದು, ಸಮುದಾಯ ಎಲ್ಲಿ ಒಪ್ಪಿದೆ ತೋರಿಸಿ ಎಂದು. ತೋರಿಸಿದರೆ ದೊಡ್ಡ ಪಟ್ಟಿಯಲ್ಲಿ ಡೀಫಾಲ್ಟ್ ಎಂಬ ಸಾಲಿನ ಕೆಳಗೆ ಕೆಎನ್‌ವಿಕಿ ಎಂಬ ಒಂದು ಸಾಲು ಸೇರುತ್ತದೆ.